ಚಲೋ, ದೋಷ, ಸಲಹೆ

ಕಂಪ್ಯೂಟರ್ ಕಲಿಸುವವರಿಗೆ ಕಂಪ್ಯೂಟರಿನಿಂದ ಆಗುವ ಪಜೀತಿ ಕಡಿಮೆ, ಅದರ ಮುಂದೆ ಕೂತವರಿಂದ ಆಗುವುದೇ ಹೆಚ್ಚು. ಗದಗ ಇನ್ನೂ ಹೊಸ ಜಿಲ್ಲೆ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ನಮ್ಮ ಕಾಲೇಜಿನಲ್ಲಿ ವಿಕಿ ಎಂಬ ಹುಚ್ಚು ಹಚ್ಚಿಕೊಂಡೆ. ಒಬ್ಬೊಬ್ಬರೂ ಕಂಪ್ಯೂಟರಿನಲ್ಲಿ ತಮ್ಮೂರಿನ ಬಗ್ಗೆ ಒಂದು ಪುಟ ಬರೆಯಬೇಕು, ಉಳಿದವರು ಅದನ್ನು ತಿದ್ದಬೇಕು. ಪ್ರಿನ್ಸಿಪಾಲರಿಗೆ ಇದು ಆಟ ಅನ್ನಿಸಿತ್ತು.

"ತಿಂಗಳಾದ ಮ್ಯಾಲೆ ಬಂದು ನೋಡ್ತೀನಿ. ಹುಡುಗರು ಖರೇನ ತಿದ್ದಾಕತ್ತಿದ್ರ ನಡೀಲಿ. ಇಲ್ಲಂದ್ರ ಈ ಕ್ಲಾಸು ಬಂದ್," ಎಂದರು.

ನನಗೋ ಆ ಕ್ಲಾಸೆಂದರೆ ಜೀವ. ಹೂಂ ಎಂದು ಬಂದೆ.

ಅಪ್ಪಣೆ

ಮೊದಲ ವಾರ ಪುಟಗಳು ತುಂಬಿದವು, ಆದರೆ ಯಾರೂ ಯಾರ ಪುಟಕ್ಕೂ ಕೈ ಹಚ್ಚಲಿಲ್ಲ. ಕೇಳಿದರೆ, "ಮಂದಿ ಬರದದ್ದನ್ನ ಹೆಂಗ ತಿದ್ದೂದ್ರಿ ಮೇಡಂ? ಅವರಿಗೆ ಬ್ಯಾಸರಾಗೂದಿಲ್ಲೇನ್ರಿ?" ಎಂದರು. ಕೊನೆಗೆ ಸೋಮವಾರ ಮುಂಡರಗಿಯ ಹುಡುಗನೊಬ್ಬ ಲಕ್ಷ್ಮೇಶ್ವರದ ಗೆಳೆಯನ ಪುಟದಲ್ಲಿ ಒಂದು ಸಾಲು ತಿದ್ದಿದ್ದ. ನನಗೆ ಹಿಡಿಸಲಾರದಷ್ಟು ಖುಷಿ.

"ಶಾಬ್ಬಾಸ್! ಧೈರ್ಯ ಹೆಂಗ ಬಂತು?"

"ಐತವಾರ ಅವರ ಮನಿಗೆ ಹೋಗಿ ಕೇಳಿ ಬಂದೇನ್ರಿ. ಅವರಪ್ಪ ಚಹಾ ಕುಡಿಸಿ, ತಿದ್ದಪಾ ಅಂದ್ರು."

ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ತಿದ್ದಿದ್ದು ಒಂದು ಸಾಲು.

ಸೂತ್ರ

ಆಮೇಲೆ ಅಭಿಪ್ರಾಯ ಬರೆಯಲು ಹಚ್ಚಿದೆ. ಎಲ್ಲರ ಪುಟದ ಕೆಳಗೂ ಒಂದೇ ಮಾತು: "ಚಲೋ ಐತಿ." ಅದಕ್ಕೆ ಬೋರ್ಡಿನ ಮೇಲೆ ಸೂತ್ರ ಬರೆದೆ: ಮೊದಲು ಚಲೋ, ಆಮೇಲೆ ದೋಷ, ಕೊನೆಗೆ ಸಲಹೆ. ಮೂರೂ ಇರದಿದ್ದರೆ ಮಾರ್ಕ್ಸ್ ಇಲ್ಲ.

ಮರುದಿನ ಲಕ್ಕುಂಡಿಯ ಬಾವಿಗಳ ಪುಟದ ಕೆಳಗೆ ಹುಲಕೋಟಿಯ ಹುಡುಗಿ ಬರೆದಿದ್ದಳು: "ಚಲೋ: ನಿನ್ನ ಹೆಸರು ಸರಿಯಾಗಿ ಬರದೀ. ದೋಷ: ಉಳಿದದ್ದು. ಸಲಹೆ: ಸಿಟ್ಟಾಗಬ್ಯಾಡ, ನಾಳೆ ನಿನಗೂ ರೊಟ್ಟಿ ತರ್ತೀನಿ."

ಶೇಂಗಾ ಹಿಂಡಿ

ಮೂರನೆಯ ವಾರ ಶಿರಹಟ್ಟಿಯ ಹುಡುಗಿಯೊಬ್ಬಳು ತಮ್ಮೂರಲ್ಲಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮಾಡುವ ಬಗೆ ಬರೆದಳು. ಬೆಳ್ಳುಳ್ಳಿ ಸುಲಿದು ಹಾಕಬೇಕು ಎಂದಿತ್ತು. ಬೆಟಗೇರಿಯ ಹುಡುಗ, ಸಿಪ್ಪೆ ಸಹಿತ ಹಾಕಬೇಕು ಎಂದು ತಿದ್ದಿದ. ಅವಳು ಮತ್ತೆ ಸುಲಿದಳು, ಅವನು ಮತ್ತೆ ಸಿಪ್ಪೆ ಹಚ್ಚಿದ. ಒಂದು ವಾರ ಇದೇ ನಡೆಯಿತು. ನಾನು ಅವನನ್ನು ಕರೆದು ಬೈದೆ.

"ನಂದೇನಿಲ್ರಿ ಮೇಡಂ. ನಮ್ಮವ್ವ ದಿನಾ ಕೇಳ್ತಾಳ್ರಿ, ಬೆಳ್ಳುಳ್ಳಿ ಏನಾತು ಅಂತ."

"ಸಾಕು ಬಿಡು ಅಂತ ಅವ್ವಗ ಹೇಳು."

"ನೀವ ಬಂದು ಹೇಳ್ರಿ," ಎಂದ. ನಾನು ಹೋಗಲಿಲ್ಲ. ನನಗೂ ಜೀವದಾಸೆ ಇದೆ.

ಬೇವಿನ ಗಿಡ

ತಿಂಗಳು ಮುಗಿಯಿತು. ಪ್ರಿನ್ಸಿಪಾಲರು ಬಂದವರೇ ನನ್ನ ಕುರ್ಚಿಯಲ್ಲಿ ಕೂತು ತಾವೇ ಒಂದು ಪುಟ ಬರೆದರು: "ಕಾಲೇಜಿನ ಅಂಗಳದ ಬೇವಿನ ಗಿಡಗಳನ್ನೆಲ್ಲ ನಾನೇ ನೆಟ್ಟು ಬೆಳೆಸಿದ್ದೇನೆ." ಜೊತೆಗೆ ಸಸಿ ಹಿಡಿದ ಫೋಟೋ. ಆಮೇಲೆ ಎದೆ ಉಬ್ಬಿಸಿ ಕೂತು, "ಹಂ, ಈಗ ತಿದ್ರಿ ನೋಡೋಣ," ಎಂದರು.

ಯಾರೂ ಕೀಲಿಮಣೆಗೆ ಕೈ ಹಚ್ಚಲಿಲ್ಲ. ನನ್ನ ಕ್ಲಾಸು ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಕೀಲಿ ಬಡಿಯುವ ಸದ್ದು ಕೇಳಿಸಿತು. ನಮ್ಮ ಕಾಲೇಜಿನ ಮಾಲಿಯ ಮಗಳು. ಇಡೀ ತಿಂಗಳು ಯಾರ ಪುಟವನ್ನೂ ಮುಟ್ಟದವಳು ಪ್ರಿನ್ಸಿಪಾಲರ ಪುಟದ ಕೆಳಗೆ ಬರೆದಿದ್ದಳು:

"ಚಲೋ: ಸರ್ ಸಸಿ ಹಿಡಿದದ್ದು ಫೋಟೋದಾಗ ಭಾಳ ಚಂದ ಐತಿ. ದೋಷ: ತೆಗ್ಗು ತೋಡಿದವರು, ದಿನಾ ನೀರು ಹಾಕಿದವರು ನಮ್ಮಪ್ಪ. ಸಲಹೆ: ಸರ್ ಒಂದು ದಿನ ನೀರು ಹಾಕಿ ನೋಡಬೇಕು."

ಪ್ರಿನ್ಸಿಪಾಲರು ಎರಡು ಸಲ ಓದಿದರು. ಕಿವಿ ಕೆಂಪಾದವು. ನನ್ನ ಕಡೆ ಬಾಗಿ, "ಇದನ್ನ ತಗೀಲಿಕ್ಕೆ ಬರ್ತೈತೇನು?" ಎಂದು ಪಿಸುಗುಟ್ಟಿದರು.

"ಬರ್ತೈತ್ರಿ ಸರ್. ಆದ್ರ ಯಾರು ತಗದ್ರು ಅನ್ನೂದು ಅಲ್ಲೇ ಉಳೀತೈತ್ರಿ, ಎಲ್ಲಾರಿಗೂ ಕಾಣ್ತೈತಿ."

ಅವರು ಮೌಸಿನಿಂದ ಕೈ ತೆಗೆದು, "ಆತು, ಕ್ಲಾಸು ನಡೀಲಿ," ಎಂದು ಎದ್ದು ಹೋದರು. ಹುಡುಗರ ಮುಂದೆಯೇ ಕಣ್ಣೊರೆಸಿಕೊಂಡೆ.

ಮರುದಿನ ಮುಂಜಾನೆ ನೋಡುತ್ತೇನೆ, ಅಂಗಳದಲ್ಲಿ ಪ್ರಿನ್ಸಿಪಾಲರು ಪ್ಯಾಂಟು ಮಡಚಿಕೊಂಡು ಕೊಡ ಹಿಡಿದು ನೀರು ಹಾಕುತ್ತಿದ್ದಾರೆ. ಹಿಂದೆ ಕೈಕಟ್ಟಿ ನಿಂತ ಮಾಲಿ, ಮಗಳಿಂದ ಸೂತ್ರ ಕಲಿತವನ ಹಾಗೆ, ಮೆಲ್ಲಗೆ ಹೇಳಿದ:

"ಸರ್, ಕೊಡ ಹಿಡದದ್ದು ಭಾಳ ಚಲೋ ಐತ್ರಿ. ಆದ್ರ ನೀರು ಹಾಕಾಕತ್ತಿದ್ದು ಹುಲ್ಲುಕಸಕ್ಕ್ರಿ. ಗಿಡ ಈ ಕಡೆ ಐತಿ, ಹಿಂಗ ಬರ್ರಿ."