ಖೋಡಿ ಇಲ್ಲದ ಗಾಡಿ

ಹೊಸ ಮೋಟರ್ ಸೈಕಲ್ ಇಟ್ಟುಕೊಂಡವರಿಗೆ ಅದರ ಬಗ್ಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲ ಎಂಬುದು ನನ್ನ ಬಹುದಿನದ ಅಭಿಪ್ರಾಯ. ಗುಂಡಿ ಒತ್ತಿದರು, ಹೋದರು, ಬಂದರು, ಮುಗಿಯಿತು. ಹಳೆಯ ಗಾಡಿಯವನ ಮಾತೇ ಬೇರೆ. ಚಹಾದಂಗಡಿಯಲ್ಲಿ ಯಾರಾದರೂ ಅವನನ್ನು "ಹೆಂಗೈತ್ರಿ ಗಾಡಿ?" ಎಂದು ಕೇಳಿಬಿಟ್ಟರೆ ಎರಡನೇ ಚಹಾ ತರಿಸದೆ ಗತ್ಯಂತರವಿಲ್ಲ. ನನ್ನ ಗಾಡಿಗೆ ಈಗ ಇಪ್ಪತ್ತೆರಡು ವರ್ಷ. ಮೊದಲ ಹನ್ನೊಂದು ವರ್ಷ ಅದು ಬಾದಾಮಿಯ ಒಬ್ಬ ಪೋಸ್ಟ್‌ಮಾಸ್ತರರ ಬಳಿ ಇತ್ತು, ಆಮೇಲಿನ ಹನ್ನೊಂದು ವರ್ಷ ಹುನಗುಂದದಲ್ಲಿ ನನ್ನ ಬಳಿ. ಅದರ ಬಣ್ಣ ಕಪ್ಪೋ ಕಂದೋ ಎಂಬುದನ್ನು ಈಗ ಆರ್‌ಸಿ ಪುಸ್ತಕ ತೆಗೆದು ನೋಡಿಯೇ ಹೇಳಬೇಕು. ಸ್ಪೀಡೋಮೀಟರಿನ ಮುಳ್ಳು ಯಾವುದೋ ಕಾಲದಲ್ಲಿ ನಲವತ್ತಕ್ಕೆ ಬಂದು ನಿಂತದ್ದು ಇನ್ನೂ ಅಲ್ಲೇ ಇದೆ. ಹೀಗಾಗಿ ಅಂಗಳದಲ್ಲಿ ಗೋಡೆಗೆ ಒರಗಿ ನಿಂತಾಗಲೂ ಗಾಡಿ ನಲವತ್ತರಲ್ಲೇ ಓಡುತ್ತಿರುತ್ತದೆ. ಇಷ್ಟಾದರೂ ಹೇಳುತ್ತೇನೆ, ಇಂಥ ನಂಬಿಕಸ್ಥ ಗಾಡಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಎರಡು ವರ್ಷದ ಹಿಂದೆ ನಾನು ಮತ್ತು ನನ್ನ ಹೆಂಡತಿ ಸುಮಂಗಲಾ ಬನಶಂಕರಿಗೆ ಹೊರಟಾಗ ನಮ್ಮ ಶಾಲೆಯ ಡ್ರಿಲ್ ಮಾಸ್ತರ ಪಾಟೀಲರೂ ತಮ್ಮ ಹೊಸ ಗಾಡಿಯ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಜೊತೆಗೆ ಬಂದರು. ದಾರಿಯುದ್ದಕ್ಕೂ ಮುಂದೆ ಮುಂದೆ ಹೋಗಿ, ಬೇವಿನ ಮರದ ನೆರಳಿನಲ್ಲಿ ನಿಂತು, ನಾವು ಬರುವಾಗ ಕೈಗಡಿಯಾರ ನೋಡಿಕೊಳ್ಳುವುದು ಅವರ ಸಂಭ್ರಮ. ಶಿವಯೋಗ ಮಂದಿರದ ಕ್ರಾಸಿನ ಹತ್ತಿರವೂ ನಿಂತಿದ್ದರು, ಆದರೆ ಈ ಸಲ ಬಿಸಿಲಿನಲ್ಲಿ ನಿಂತಿದ್ದರು. "ಸೆನ್ಸರ್ ಹೋಗೈತಂತ್ರಿ" ಎಂದರು, ಫೋನು ಕಿವಿಯಿಂದ ಇಳಿಸುತ್ತ. ಗಾಡಿಯೊಳಗಿನ ಕಂಪ್ಯೂಟರಿಗೆ ಇನ್ನೊಂದು ಕಂಪ್ಯೂಟರ್ ಜೋಡಿಸಿದರೆ ಮಾತ್ರ ರೋಗ ತಿಳಿಯುತ್ತದಂತೆ. ಆ ಇನ್ನೊಂದು ಕಂಪ್ಯೂಟರ್ ಬಾಗಲಕೋಟೆಯಲ್ಲಿತ್ತು. ಹೆಂಗಸರಿಬ್ಬರೂ ಟಂಟಂ ಆಟೊ ಹತ್ತಿದರು. ನಾನು ಪಾಟೀಲರ ಗಾಡಿಗೆ ಹಗ್ಗ ಕಟ್ಟಿ, ನನ್ನ ಗಾಡಿಯಿಂದ ಬಾದಾಮಿ ತನಕ ಎಳೆದುಕೊಂಡು ಹೋದೆ. ಎಳೆಯಿಸಿಕೊಂಡವರು ದಾರಿಯಲ್ಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಓಡಲು ಹತ್ತಿದರೆ ನನ್ನ ಗಾಡಿ ನಿಲ್ಲುವುದಿಲ್ಲ, ಖರೆ. ಶುರುವಾಗುವುದಕ್ಕೆ ಮಾತ್ರ ಅದರದೇ ಒಂದು ಪದ್ಧತಿ ಇತ್ತು. ಆ ಪದ್ಧತಿ ತಿಳಿದವನು ಜಗತ್ತಿನಲ್ಲಿ ನಾನೊಬ್ಬನೇ. ಮೊದಲು ಇಂಜಿನ್ನಿನ ಪಕ್ಕದ ಸಣ್ಣ ಕಡ್ಡಿಯನ್ನು ಕೆಳಗಿಳಿಸಿ, ಗಾಡಿಯನ್ನು ಎಡಕ್ಕೆ ವಾಲಿಸಿ ಹತ್ತು ಎಣಿಸಬೇಕು. ಕೀಲಿ ತಿರುಗಿಸದೆ ನಾಲ್ಕು ಖಾಲಿ ಕಿಕ್ಕು. ಕೀಲಿ ತಿರುಗಿಸಿ ಎರಡು ಜೋರಿನವು. ಆಮೇಲೆ ಅದರ ಮೇಲೆ ಲಕ್ಷ್ಯವೇ ಇಲ್ಲದವರ ಹಾಗೆ ಸ್ವಲ್ಪ ಹೊತ್ತು ಆಚೆ ಓಣಿಯ ಕಡೆ ನೋಡಬೇಕು. ನೋಡುತ್ತ ನೋಡುತ್ತ ಥಟ್ಟನೆ ಮತ್ತೊಂದು. ಏಳನೆಯದಕ್ಕೋ ಹದಿನೇಳನೆಯದಕ್ಕೋ ಅದು ಕೆಮ್ಮಿ, ಕರಿ ಹೊಗೆ ಬಿಟ್ಟು, ಎದ್ದೇಳುತ್ತಿತ್ತು. ಆ ಗಳಿಗೆಯ ಸುಖ ಗುಂಡಿ ಒತ್ತುವವರಿಗೆ ತಿಳಿಯುವಂಥದ್ದಲ್ಲ. ನಾನು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಇಡೀ ದಿನ ನಿಯಮ ಹೇಳಿ ಬಾಯಿ ಒಣಗಿಸಿಕೊಳ್ಳುವವನಿಗೆ, ಯಾವ ನಿಯಮಕ್ಕೂ ಸಿಗದ ಒಂದು ಯಂತ್ರ ತನಗೊಬ್ಬನಿಗೆ ಮಾತ್ರ ಬಗ್ಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಯಾರಾದರೂ ಗಾಡಿ ಕೇಳಲು ಬಂದರೆ ಕೀಲಿ ಕೈಗಿಟ್ಟು, "ಒಯ್ರಿ, ಆದ್ರ ನಿಮ್ಮ ಕಡಿಂದ ಶುರು ಆಗೂದಿಲ್ಲ ನೋಡ್ರಿ" ಎನ್ನುತ್ತಿದ್ದೆ. ಆಗುತ್ತಿರಲಿಲ್ಲ. ಅವರು ಕೀಲಿ ವಾಪಸು ತಂದುಕೊಡುವಾಗ ನನಗೆ ಆಗುತ್ತಿದ್ದ ಆನಂದವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಈ ಆನಂದದ ಬೆಲೆ ತೆರುತ್ತಿದ್ದವಳು ಸುಮಂಗಲಾ. ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅವಳು ಶಿಕ್ಷಕಿ. ಬಸ್ಸು ಕ್ರಾಸಿನಲ್ಲೇ ಇಳಿಸಿಬಿಡುತ್ತದೆ. ಆದ್ದರಿಂದ ದಿನಾ ಅವಳನ್ನು ಶಾಲೆಗೆ ಬಿಟ್ಟು ನಾನು ಮುಂದೆ ಇಳಕಲ್ಲಿಗೆ ಹೋಗುವುದು. ನಾನು ಗಾಡಿ ವಾಲಿಸಿ ಎಣಿಸುವಾಗ ಅವಳು ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. "ನಿಮ್ಮ ಪೂಜಾ ಮುಗೀತೇನ್ರಿ?" ಎಂದು ಕೇಳುತ್ತಿದ್ದಳು. ನಾನು ಎಣಿಕೆ ತಪ್ಪಿತೆಂದು ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಅವಳು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದವು. ಹೆಡ್‌ಮೇಡಮ್ಮು ಮಾತ್ರ ಹೊರಗೇ ನಿಂತಿರುತ್ತಿದ್ದರು. ಎರಡು ತಿಂಗಳ ಹಿಂದೆ, ಚಳಿಗಾಲದ ಕೊನೆಯಲ್ಲಿ ಒಂದು ದಿನ ಸುಮಂಗಲಾ ಸಂಜೆ ಬಂದವಳೇ ಬ್ಯಾಗನ್ನು ಮಂಚದ ಮೇಲೆ ಇಟ್ಟು, ಬಹಳ ಶಾಂತವಾಗಿ ಹೇಳಿದಳು: "ಮೂರು ಸಲ ಬಾಯಿಲೆ ಹೇಳ್ಯಾರ. ಇನ್ನೊಮ್ಮೆ ತಡಾ ಆದ್ರ ನೋಟಿಸ್ ಅಂತ. ಹದಿನಾರು ವರ್ಷದ ನೌಕರ್ಯಾಗ ನಾ ಯಾರ ಕಡಿಂದನೂ ಒಂದು ಮಾತು ಅನಿಸ್ಕೊಂಡಾಕಿ ಅಲ್ಲ. ಈ ಗಾಡಿ ಮಾರ್ರಿ. ನಾ ಒಂದು ಸ್ಕೂಟರ್ ತಗೋತೇನಿ." ಅವಳು ಜಗಳವಾಡಿದ್ದರೆ ಎದುರು ಮಾತಾಡಬಹುದಿತ್ತು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೂಂ ಎಂದೆ, ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನನ್ನ ಪಾಲಿನದನ್ನೂ ಅತ್ತೆ.

ಅವಳು ಗಾಡಿಯ ಫೋಟೊ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮುಂದಿನ ಭಾನುವಾರವೇ, ತಮ್ಮೂರ ಶಾಲೆಯ ಮಾಸ್ತರರ ಫೋನಿನಲ್ಲಿ ಅದನ್ನು ನೋಡಿ, ಬೇವೂರಿನಿಂದ ಮಾಳಪ್ಪ ಎಂಬವರು ಬಂದರು. ಐವತ್ತರ ಆಸುಪಾಸು, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ, ಕುರಿ ಸಾಕಿದವರು. ಹೊಲದಿಂದ ಹೊಲಕ್ಕೆ ಕುರಿ ಹೊಡೆಯುವಾಗ ನಡೆಯಲಾರದ ಮರಿಗಳನ್ನು ಚೀಲದಲ್ಲಿ ಕೂರಿಸಿ ಒಯ್ಯಲು ಗಾಡಿ ಬೇಕಾಗಿತ್ತು. "ಹೊಸಾದು ಒಂದು ತಗೊಂಡಿದ್ನಿರಿ. ಎರಿ ಹೊಲದ ನಡುವ ನಿಂತು ಬಿಡ್ತು. ಕಂಪನಿ ಮಂದಿ ನೋಡಾಕ ಬರೂದ್ರೊಳಗ ಮಳಿ ಬಂತು. ಹಳೇ ಗಾಡಿ ಆದ್ರ ಕೈಲೇ ಏನರ ಮಾಡಬೋದು" ಎಂದರು. ನನಗೆ ಮನುಷ್ಯ ಇಷ್ಟವಾಗಿಬಿಟ್ಟರು, ಅದೇ ಸಂಕಟವಾಯಿತು.

ಅವರು ಗಾಡಿ ನೋಡಿದ್ದು ಎತ್ತು ನೋಡಿದ ಹಾಗೆಯೇ. ಮೂರು ಸುತ್ತು ಬಂದರು. ಹಿಂದಿನಿಂದ ಕಣ್ಣು ಕಿರಿದು ಮಾಡಿ ನೇರ ನಿಂತಿದೆಯೋ ಎಂದು ನೋಡಿದರು. ಟೈರಿನ ಗೆರೆಗಳಲ್ಲಿ ಹೆಬ್ಬೆರಳು ಆಡಿಸಿದರು. ಸೀಟಿನ ಮೇಲೆ ಅಂಗೈ ಊರಿ ಭಾರ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಖೋಡಿ ಏನೈತಿ, ನೀವ ಹೇಳಿಬಿಡ್ರಿ ಮಾಸ್ತರ" ಎಂದರು. ದನ ಕೊಳ್ಳುವವರು ಅದರ ದೋಷಕ್ಕೆ ಹೇಳುವ ಮಾತದು. ಇದೊಂದೇ ಅವಕಾಶ ಎಂದುಕೊಂಡು ನಾನು, "ನನ್ನ ಹೊರ್ತು ಯಾರ ಕಡಿಂದನೂ ಶುರು ಆಗೂದಿಲ್ರಿ" ಎಂದೆ. ಒಳಗಿಂದ ಸುಮಂಗಲಾ ಚಹಾದ ಕಪ್ಪುಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಸಪ್ಪಳ ಮಾಡಿದಳು.

"ಮಾಡಿ ತೋರಸ್ರಿ" ಎಂದರು ಮಾಳಪ್ಪ. ತೋರಿಸಿದೆ. ವಾಲಿಸಿದೆ, ಎಣಿಸಿದೆ, ಒದ್ದೆ, ಓಣಿಯ ಕಡೆ ನೋಡಿದೆ. ಆ ದಿನ ನಾನು ಪದ್ಧತಿಯನ್ನು ಎಂದಿಗಿಂತ ವಿಸ್ತಾರವಾಗಿಯೇ ನಡೆಸಿದೆ ಎನ್ನಬೇಕು. ಹದಿನಾಲ್ಕನೆಯ ಒದೆತಕ್ಕೆ ಹೊಗೆಯೊಂದಿಗೆ ಗಾಡಿ ಎದ್ದಿತು. ಮಾಳಪ್ಪ ಅದನ್ನು ಬಂದ್ ಮಾಡಿಸಿ, ಇಂಜಿನ್ನು ತಣ್ಣಗಾಗಲೆಂದು ಕಟ್ಟೆಯ ಮೇಲೆ ಕುಳಿತು ನಿಧಾನ ಚಹಾ ಕುಡಿದರು, ಅವಲಕ್ಕಿ ತಿಂದರು, ಸುಮಂಗಲಾಳ ತವರಿನ ಊರು ಕೇಳಿದರು. ಆಮೇಲೆ ಎದ್ದು, ಇಂಜಿನ್ನನ್ನು ಮುಟ್ಟಿ ನೋಡಿ, ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಆ ಸಣ್ಣ ಕಡ್ಡಿಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರು. ಎದ್ದು ಒಂದೇ ಒಂದು ಕಿಕ್ಕು ಹೊಡೆದರು. ಗಾಡಿ ಶುರುವಾಯಿತು. ಒಂದು ನಿಮಿಷ ಬಿಟ್ಟು ಬಗ್ಗಿ ಕಡ್ಡಿಯನ್ನು ಹಿಂದಕ್ಕೆ ಸರಿಸಿದರು. ಹೊಗೆ ನಿಂತು, ಮೊರದಲ್ಲಿ ಅಕ್ಕಿ ಕೇರುವಂಥ ಮೆಲ್ಲನೆಯ ಸಪ್ಪಳ ಬರಲು ಹತ್ತಿತು.

ಅದು ಚೋಕು. ತಣ್ಣಗಿರುವ ಇಂಜಿನ್ನಿಗೆ ಬೆಳಿಗ್ಗೆ ಒಂದೆರಡು ನಿಮಿಷ ಪೆಟ್ರೋಲು ಹೆಚ್ಚು ಕುಡಿಸುವುದಕ್ಕೆ ಇರುವ ಕಡ್ಡಿ. ಬೆಚ್ಚಗಾದ ಮೇಲೆ ಬಿಟ್ಟುಬಿಡಬೇಕು. ನಾನು ಬೆಳಿಗ್ಗೆ ಅದನ್ನು ಬಿಟ್ಟು, ದಿನವಿಡೀ ಹಿಡಿದಿದ್ದೆ. ಹನ್ನೊಂದು ವರ್ಷ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ. ಗಾಡಿ ಕೊಡುವ ದಿನ ಪೋಸ್ಟ್‌ಮಾಸ್ತರರು ಇದನ್ನು ಹೇಳಲು ಬಾಯಿ ತೆರೆದಿದ್ದರು, "ಇರ್ಲಿ ಬಿಡ್ರಿ, ನಾ ಸೈನ್ಸ್ ಮಾಸ್ತರ" ಎಂದು ನಾನೇ ಮುಚ್ಚಿಸಿದ್ದೆ. ಇಳಕಲ್ಲಿನ ಮೆಕ್ಯಾನಿಕ್ ರಾಜೇಸಾಬನ ಕೈಯಿಂದ ಬಂದಾಗಲೆಲ್ಲ ಗಾಡಿ ಒಂದು ದಿನ ಚೆನ್ನಾಗಿರುತ್ತಿತ್ತು. ಮರುದಿನ ನಾನು, ಇವನು ಮತ್ತೆ ಕಡ್ಡಿ ಉಲ್ಟಾ ಇಟ್ಟಿದ್ದಾನೆ ಎಂದು ಬೈದುಕೊಳ್ಳುತ್ತ ಸರಿಪಡಿಸುತ್ತಿದ್ದೆ. ಪಾಟೀಲರ ಗಾಡಿಯನ್ನು ಬಾದಾಮಿ ತನಕ ಎಳೆದದ್ದೂ ಈ ಸ್ಥಿತಿಯಲ್ಲೇ, ಉಸಿರು ಕಟ್ಟಿಸಿಕೊಂಡು. ಆ ಕ್ಷಣ ನನಗೆ ಗಾಡಿಯ ಮೇಲೆ ಉಕ್ಕಿದ ಗೌರವವನ್ನು ಹೇಗೆ ಹೇಳಲಿ!

"ಗಾಡ್ಯಾಗ ಖೋಡಿ ಇಲ್ರಿ ಅಕ್ಕಾರ" ಎಂದರು ಮಾಳಪ್ಪ, ಸುಮಂಗಲಾಳಿಗೆ. ಮತ್ತೆಲ್ಲಿದೆ ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರೂ ನನ್ನನ್ನು ನೋಡಿದರು. ನಾಚಿಕೆ ಮುಚ್ಚಿಕೊಳ್ಳಲು ನಾನು, "ನೀವು ಸುಮ್ಮನಿದ್ದಿದ್ರ ಅಗ್ಗಕ್ಕ ಸಿಗತಿತ್ತಲ್ರಿ ನಿಮಗ?" ಎಂದೆ. ಅವರು ಕೈ ಒರೆಸಿಕೊಳ್ಳುತ್ತ, "ಇಲ್ಲದ ಖೋಡಿ ಹೊರಿಸಿ ಒಂದು ಮರೀನೂ ತಗೊಂಡಾಂವ ಅಲ್ರಿ ನಾ. ಅದಕ್ಕ ಬಾಯಿ ಇಲ್ಲ, ನಮಗ ಐತೆಲ್ಲ" ಎಂದರು.

ಸುಮಂಗಲಾ ಗಾಡಿಯ ಕಡೆ ನೋಡಿ, "ಕೊಡೂದಿಲ್ರಿ ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಪ್ಪು ಇದರದಲ್ಲ ಅಂದ ಮ್ಯಾಲೆ ಇದನ್ಯಾಕ ಮನಿ ಬಿಡಿಸೂದು?" ಎಂದಳು. ನಾನು ಆನಂದದಿಂದ ಏನೋ ಹೇಳಲು ಹೋದೆ. ಅವಳು ಕೇಳಿಸಿಕೊಳ್ಳದೆ ಅಂಗಳಕ್ಕೆ ಇಳಿದು, "ಆ ಕಡ್ಡಿ ನನಗಷ್ಟು ತೋರಸ್ರಿ" ಎಂದಳು. ಗಾಡಿ ಬಂದ್ ಮಾಡಿ ತೋರಿಸಿದ್ದು ಮಾಳಪ್ಪ. ಅವಳು ಹೊಡೆದ ಒಂದೇ ಕಿಕ್ಕಿಗೆ ಶುರುವಾಯಿತು. ಬಂದ್ ಮಾಡಿ ಮತ್ತೊಮ್ಮೆ ಹೊಡೆದಳು, ಮತ್ತೆ ಒಂದಕ್ಕೇ. ಅವಳು ನಕ್ಕಳು. ನನಗೆ ಮಾತ್ರ, ಗಾಡಿ ಉಳಿಯಿತೆಂಬ ಸಂತೋಷದ ನಡುವೆಯೂ, ಇಷ್ಟು ವರ್ಷದ ನನ್ನ ವಿದ್ಯೆ ಆ ಕಟ್ಟೆಯ ಮೇಲೆ ಅವಲಕ್ಕಿ ಆರುವಷ್ಟರಲ್ಲಿ ಮುಗಿದುಹೋಯಿತಲ್ಲ ಎಂದು ಅನ್ನಿಸಿತು. ಮಾಳಪ್ಪನವರಿಗೆ ರಾಜೇಸಾಬ ಆ ವಾರವೇ ಇಂಥದ್ದೇ ಇನ್ನೊಂದು ಗಾಡಿ ಹುಡುಕಿಕೊಟ್ಟ.

ಸ್ಕೂಟರಿನ ಮಾತು ಅಲ್ಲಿಗೇ ನಿಂತಿತು. ನಾಲ್ಕು ಭಾನುವಾರಗಳಲ್ಲಿ ಸುಮಂಗಲಾ ಗೇರು ಹಾಕುವುದನ್ನು ಕಲಿತಳು. ಈಗ ಅವಳೇ ಗಾಡಿ ಹೊಡೆದುಕೊಂಡು ಪ್ರಾರ್ಥನೆಯ ಗಂಟೆಗಿಂತ ಮೊದಲೇ ಶಾಲೆ ಮುಟ್ಟುತ್ತಾಳೆ. ನಾನು ಬಸ್ಸಿಗೆ ಇಳಕಲ್ಲಿಗೆ ಹೋಗುತ್ತೇನೆ. ಮೊನ್ನೆ ಬಸ್ಸಿನ ಕಿಟಕಿಯ ಬಳಿ ಕುಳಿತಿದ್ದೆ. ಗ್ರಾನೈಟ್ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿದ್ದಾಗ ಪಕ್ಕದಲ್ಲಿ ಗಾಡಿಯೊಂದು, ಹೊಗೆಯಿಲ್ಲ, ಗದ್ದಲವಿಲ್ಲ, ಹಗುರಾಗಿ ಮುಂದೆ ಸಾಗಿತು. ಎಷ್ಟು ಚೆಂದ ಓಡುತ್ತಿದೆಯಲ್ಲ ಎಂದುಕೊಂಡ ಮೇಲೆಯೇ ಅದು ನನ್ನದೆಂದು ತಿಳಿದದ್ದು. ಅದು ಹೀಗೆ ಓಡಬಲ್ಲದೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಗೊತ್ತಾಗಿರಲಿಲ್ಲ; ಅದರ ಮೇಲೆ ನಾನೇ ಕುಳಿತಿರುತ್ತಿದ್ದೆನಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕುತ್ತಿಗೆ ಚಾಚಿ ನೋಡಿ, "ಭಾಳ ಹಳೇ ಗಾಡಿ ಐತ್ರಿ ಅದು. ಆದ್ರ ನೋಡ್ರಿ, ಚಲೋ ಕೈಯಾಗ ಬಿದ್ದೈತಿ" ಎಂದರು.

"ಹೌದ್ರಿ" ಎಂದೆ, "ಹ್ವಾದ ತಿಂಗಳ ಬಿದ್ದೈತಿ."