ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು

ನಮ್ಮ ಬನಹಟ್ಟಿಯ ಓಣಿಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ಅದು ಒಬ್ಬರ ವಸ್ತುವಾಗಿ ಉಳಿಯುವುದಿಲ್ಲ. ನಲ್ಲಿ, ಮಿಕ್ಸರ್, ಸ್ಕೂಟರ್, ಸೊಂಟ, ಯಾವುದೇ ಇರಲಿ, ಸಂಜೆಯೊಳಗೆ ಅದು ಓಣಿಯ ಆಸ್ತಿ. ಈ ಜೂನ್ ತಿಂಗಳಲ್ಲಿ ಸರದಿ ನನ್ನ ಲ್ಯಾಪ್‌ಟಾಪಿನದಾಗಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ನನ್ನ ಹೆಂಡತಿ ಅದೇ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಅವಳು ತೀರಿಹೋಗಿ ಎರಡು ವರ್ಷವಾಯಿತು. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಅವಳು ಅಡುಗೆಮನೆಯ ಗೋಡೆಗೆ ಕರಿಹಲಗೆ ಒರಗಿಸಿಕೊಂಡು ನಲವತ್ತೊಂದು ಪಾಠಗಳ ವಿಡಿಯೊ ಮಾಡಿದ್ದಳು. ಆಗ ಮಕ್ಕಳ ಮೊಬೈಲಿಗೆ ಕಳಿಸಿದ್ದ ಪಾಠಗಳು ಆ ಮೊಬೈಲುಗಳ ಜೊತೆಗೇ ಹೋಗಿವೆ. ಈಗ ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಗಣಿತದ ಶಿಕ್ಷಕರಿಲ್ಲ, ಮುಂದಿನ ಸೋಮವಾರದಿಂದ ಆ ಪಾಠಗಳನ್ನೇ ತೋರಿಸೋಣ ಎಂದು ಹೆಡ್ ಮಾಸ್ತರರು ಕೇಳಿದರು. ಒಪ್ಪಿಕೊಂಡೆ. ಅದೇ ವಾರ ಲ್ಯಾಪ್‌ಟಾಪು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿತು. ಅಪ್‌ಡೇಟ್ ಎನ್ನುತ್ತಾರಲ್ಲ, ಅದು.

೧. ಸ್ಟಾಪ್‌ವಾಚು

ಅಪ್‌ಡೇಟಿಗೆ ಮೊದಲು ನನ್ನ ಲ್ಯಾಪ್‌ಟಾಪು ಇಪ್ಪತ್ತೆರಡು ಸೆಕೆಂಡಿಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಹಾಕಿಸಿದ ದಿನವೇ ಅಳೆದು ಬರೆದಿಟ್ಟಿದ್ದೆ. ಅಪ್‌ಡೇಟ್ ಆದ ಮೇಲೆ ಬಹಳ ಹೊತ್ತು ಹಿಡಿಯಿತು. ಬಹಳ ಹೊತ್ತು ಎಂಬುದು ಅಳತೆಯಲ್ಲವಾದ್ದರಿಂದ ದೈಹಿಕ ಶಿಕ್ಷಕರ ಹತ್ತಿರ ಹೋಗಿ ಸ್ಟಾಪ್‌ವಾಚು ಕೇಳಿದೆ.

"ಯಾರ ಓಡಾಕತ್ತಾರ್ರೀ ಸರ್?" ಎಂದರು.

ಯಾರೂ ಓಡುತ್ತಿಲ್ಲ, ಅದೇ ತೊಂದರೆ ಎಂದೆ. ಕುತೂಹಲದಿಂದ ಅವರೂ ಮನೆಗೆ ಬಂದರು. ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಮೂರು ಸಲ ಅಳೆದರೂ ಅಷ್ಟೇ. ವಿಡಿಯೊ ಹೇಗೆ ಓಡುತ್ತದೆಂದು ನೋಡಬೇಕಿತ್ತು, ಆದರೆ ಪಾಠ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಹೋದ ವರ್ಷದ ಕ್ರೀಡಾಕೂಟದ ನೂರು ಮೀಟರ್ ಓಟ ಹಚ್ಚಿದೆ. ಹುಡುಗಿಯರು ಮೂರು ಹೆಜ್ಜೆ ಓಡಿ ಒಂದು ಕಾಲು ಎತ್ತಿಕೊಂಡು ನಿಂತರು. ನಾವು ಚಹಾ ಕುಡಿದು ಮುಗಿಸಿದೆವು. ಅವರು ಕಾಲು ಇಳಿಸಲಿಲ್ಲ.

ದೈಹಿಕ ಶಿಕ್ಷಕರು ಪರದೆಯ ಮೇಲೆ ಬೆರಳಿಟ್ಟು ಹೇಳಿದರು: "ಈ ಹುಡುಗಿ ಹೋದ ವರ್ಷ ಕಪ್ ತಗೊಂಡ ಮನಿಗೆ ಹೋಗ್ಯಾಳ್ರೀ ಸರ್. ಇದರಾಗ ಇನ್ನೂ ಗೆರಿ ಮುಟ್ಟಿಲ್ಲ."

೨. ಕಿವಿಯ ಪರೀಕ್ಷೆ

ನಮ್ಮ ಮನೆಗೆ ಅಂಟಿದ ಮನೆ ಒಬ್ಬ ಹಿರಿಯ ನೇಕಾರರದು. ಆರು ಮಗ್ಗ ಓಡಿಸುತ್ತಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಲೇ, ಒಳಗೆ ಎಷ್ಟನೆಯ ಮಗ್ಗದಲ್ಲಿ ಎಳೆ ಹರಿಯಿತು ಎಂದು ಸಪ್ಪಳದ ಮೇಲೆ ಹೇಳುವವರು. ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರು ಬಂದು ಲ್ಯಾಪ್‌ಟಾಪಿನ ಮೇಲೆ ಕಿವಿಯಿಟ್ಟರು. ಎಲ್ಲರಿಗೂ ಸುಮ್ಮನಿರಲು ಕೈ ಮಾಡಿದರು. ಆಮೇಲೆ ಅದನ್ನು ಮಗ್ಗುಲಾಗಿಸಿ ಇನ್ನೊಂದು ಕಿವಿಯಿಟ್ಟರು.

"ಇದು ನಡದ ಇಲ್ರೀ ಮಾಸ್ತರ್ರ," ಎಂದರು. "ಸಪ್ಪಳನ ಇಲ್ಲ."

ಎಸ್‌ಎಸ್‌ಡಿಯಲ್ಲಿ ಸಪ್ಪಳ ಇರುವುದಿಲ್ಲ, ಹಳೆಯ ಡಿಸ್ಕಿನಂತೆ ಒಳಗೆ ಏನೂ ತಿರುಗುವುದಿಲ್ಲ, ಚಿಪ್‌ಗಳಿರುತ್ತವೆ ಎಂದು ನಾನು ಹೇಳಿದೆ. ಏನೂ ತಿರುಗದಿದ್ದರೆ ಕೆಲಸ ಹೇಗೆ ಆಗುತ್ತದೆ ಎಂದು ಅವರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಕಾಗದ ತೆಗೆದುಕೊಂಡು ಚಿತ್ರ ಬರೆದು ವಿವರಿಸಿದೆ. ನಲವತ್ತು ನಿಮಿಷವಾಯಿತು, ಸರಿಯಾಗಿ ಒಂದು ಪೀರಿಯಡ್. ಅವರು ಎಲ್ಲದಕ್ಕೂ ಹೂಂ ಎಂದರು. ನನಗೆ ಸಮಾಧಾನವಾಯಿತು.

ಹೊರಗೆ ಅವರ ಹೆಂಡತಿ ಏನಾಯಿತೆಂದು ಕೇಳಿದ್ದು, ಅವರು ಉತ್ತರ ಕೊಟ್ಟದ್ದು ಎರಡೂ ನನಗೆ ಕೇಳಿಸಿದವು: "ಸುಮ್ನ ಕುಂತಲ್ಲೇ ಕೆಲಸ ಮಾಡೂ ಮಷೀನ್ ತಂದಾರ. ಈಗ ಕೆಲಸ ಆಗವಲ್ದು ಅಂತ ಚಿಂತಿ ಮಾಡಾಕತ್ತಾರ."

೩. ಮುಧೋಳದ ಚಿಕಿತ್ಸೆ

ನನ್ನ ಹೆಂಡತಿಯ ತಮ್ಮ ಮುಧೋಳದಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುತ್ತಾನೆ. ಅಕ್ಕನ ಪಾಠಗಳಿಗೆ ತೊಂದರೆ ಎಂದು ಕೇಳಿ ಮರುದಿನವೇ ಬಂದ. ಲ್ಯಾಪ್‌ಟಾಪಿನ ಹೊಟ್ಟೆ ಮುಟ್ಟಿ ನೋಡಿ, ಬಿಸಿಯಾಗಿದೆ, ಬಿಸಿಯಾದ ಯಂತ್ರ ಓಡುವುದಿಲ್ಲ ಎಂದ. ಅದರಲ್ಲಿ ತಪ್ಪೇನಿಲ್ಲ, ಎಸ್‌ಎಸ್‌ಡಿ ಕೂಡ ಕಾದರೆ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ನಾನು ತಲೆಯಾಡಿಸಿ ಥರ್ಮಾಮೀಟರ್ ಹುಡುಕಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವನು ಗೋಣಿಚೀಲ ತೋಯಿಸಿ ಹಿಂಡುತ್ತ ನಿಂತಿದ್ದ. ಕಾದ ಮೋಟಾರಿಗೆ ಅವನು ಮಾಡುವುದು ಅದನ್ನೇ.

ಕೈ ಹಿಡಿದು ನಿಲ್ಲಿಸಿದೆ. ಕಡೆಗೆ ಇಬ್ಬರೂ ಒಪ್ಪಿ ಲ್ಯಾಪ್‌ಟಾಪನ್ನು ನೀರು ತುಂಬಿದ ಮಣ್ಣಿನ ಕೊಡದ ಪಕ್ಕದಲ್ಲಿಟ್ಟು ಟೇಬಲ್ ಫ್ಯಾನ್ ಹಚ್ಚಿದೆವು. ಅಳೆದೆ. ಹನ್ನೊಂದು ನಿಮಿಷ ಹದಿನಾರು ಸೆಕೆಂಡು.

"ನಾಕ ಸೆಕೆಂಡ ಸುಧಾರಿಸೇತ್ಯಲ್ರೀ ಮಾವಾರ," ಎಂದು ಅವನು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ. "ಹಿಂಗ ದಿನಾ ಕೊಡದ ಬಾಜೂಕ ಇಡ್ರಿ. ಆರ ತಿಂಗಳದಾಗ ಪೂರಾ ಆರಾಮ ಆಕ್ಕೈತಿ."

೪. ಜಮಖಂಡಿಯಿಂದ ಬರುವ ಬಸ್ಸು

ಶುಕ್ರವಾರ ರಜೆ ಹಾಕಿ ಜಮಖಂಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಪರೀಕ್ಷೆ ಹಚ್ಚಿದರು. ಎಸ್‌ಎಸ್‌ಡಿಯ ಆರೋಗ್ಯ ನೂರಕ್ಕೆ ತೊಂಬತ್ತೇಳು ಎಂದು ತೋರಿಸಿತು. ಆದರೂ ಅವರು ತಲೆ ಅಲ್ಲಾಡಿಸಿ, ಇದನ್ನು ನಂಬುವಂತಿಲ್ಲ ಎಂದರು. ನಮ್ಮ ಶಾಲೆಯಲ್ಲಿ ತೊಂಬತ್ತೇಳು ತೆಗೆದವರನ್ನು ಯಾರೂ ಹಾಗೆ ನೋಡುವುದಿಲ್ಲ ಎಂದೆ. ಅವರು ನಗಲಿಲ್ಲ.

"ಹಳೇ ಡಿಸ್ಕ ಸಾಯೂ ಮುಂದ ಕಟಕಟ ಅಂತಿತ್ರೀ ಸರ್, ತಿಳೀತಿತ್ತು. ಇದು ಹಂಗಲ್ಲ. ಒಂದಿನ ಮುಂಜಾನೆ ಬಟನ್ ಒತ್ತತೀರಿ, ಒಳಗ ಏನೂ ಇರೂದಿಲ್ಲ."

ನಾನು ಕುಡಿಯಲು ನೀರು ಕೇಳಿದೆ. ನನಗೆ ಆ ಬಗೆಯ ಮುಂಜಾನೆಯ ಪರಿಚಯವಿತ್ತು.

ಇರುವುದನ್ನೆಲ್ಲ ನಕಲು ತೆಗೆಯಲು ಹಚ್ಚಿದರು. ಮೂವತ್ತೊಂದು ತಾಸು ಬೇಕೆಂದು ಪರದೆ ಹೇಳಿತು. ಎರಡು ದಿನ ಇಲ್ಲೇ ಬಿಟ್ಟುಹೋಗಿ, ಇಲ್ಲವೇ ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇನೆ ಎಂದರು. ಎರಡೂ ನನ್ನಿಂದ ಆಗುವಂತಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ, ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು ಕುಳಿತೆ.

ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಂಡಕ್ಟರ್ ಚೀಲವನ್ನು ಮೇಲಿಡಲು ಕೈ ಚಾಚಿದರು. ಕೊಡಲಿಲ್ಲ. ಒಳಗೆ ಗಾಜಿನ ಸಾಮಾನು ಇದೆಯೇ ಎಂದು ಕೇಳಿದರು.

"ಗಣಿತ ಐತ್ರೀ," ಎಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಹಂಗಾದ್ರ ನೀವ ಹಿಡಕೊಳ್ರೀ ಸರ್."

೫. ಬೀಳಗಿಯ ಹುಡುಗಿ

ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಹೆಂಡತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬೀಳಗಿಗೆ ಕೊಟ್ಟಿದ್ದಾರೆ. ಅಲ್ಲೇ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ತವರಿಗೆ ಬಂದವಳಿಗೆ ಸುದ್ದಿ ಮುಟ್ಟಿತ್ತು. ಎಂಟನೆಯ ತರಗತಿಯಲ್ಲಿ ಗಣಿತದ ಪೀರಿಯಡ್ ಬಂದರೆ ಹೊಟ್ಟೆನೋವು ಎಂದು ಮನೆಗೆ ಓಡುತ್ತಿದ್ದವಳು ಇವಳೇ.

ಅವಳು ಕಿವಿಯಿಡಲಿಲ್ಲ, ಹೊಟ್ಟೆ ಮುಟ್ಟಲಿಲ್ಲ. "ಸರ್, ಇದರಾಗ ಖಾಲಿ ಜಾಗಾ ಎಷ್ಟೈತ್ರಿ?" ಎಂದು ಕೇಳಿದಳು. ಐದು ದಿನಗಳಲ್ಲಿ ಯಾರೂ ಕೇಳದ ಪ್ರಶ್ನೆ. ಅಷ್ಟು ಅಳೆದವನು ನಾನೂ ಅದನ್ನು ಅಳೆದಿರಲಿಲ್ಲ.

ಇನ್ನೂರ ನಲವತ್ತು ಜಿಬಿಯಲ್ಲಿ ಉಳಿದದ್ದು ಎರಡು.

ಅಪ್‌ಡೇಟು ಹಳೆಯ ಸಿಸ್ಟಂನ ಕಡತಗಳನ್ನು ಹಾಗೇ ಬಿಟ್ಟಿತ್ತು, ಅದೊಂದಿಷ್ಟು ಜಾಗ ಹಿಡಿದಿತ್ತು. ಮಿಕ್ಕದ್ದು ಯಾವುದರಿಂದ ತುಂಬಿದೆ ಎಂದು ಹುಡುಕಿದಾಗ ಪರದೆಯ ಮೇಲೆ ಸಾಲಾಗಿ ಬಂದವು: ಪಾಠಗಳು ಪ್ರತಿ ಒಂದು, ಪಾಠಗಳು ಪ್ರತಿ ಎರಡು, ಹೀಗೆ ಹದಿನೆಂಟರವರೆಗೆ. ಒಂದೊಂದು ಒಂಬತ್ತು ಜಿಬಿ. ಮಾಡಿದವನು ನಾನೇ. ಶಾಲೆಯಿಂದ ಹೋಗುವ ಯಾವ ಕಾಗದವೂ ಮೂರು ಪ್ರತಿ ಇಲ್ಲದೆ ಹೋಗುವುದಿಲ್ಲ. ಇಪ್ಪತ್ತೇಳು ವರ್ಷದ ರೂಢಿ. ಜೋರು ಗುಡುಗಿದಾಗ, ಕರೆಂಟು ಹೋಗಿ ಬಂದಾಗ, ಹೆದರಿಕೆಯಾದಾಗೆಲ್ಲ ಮೂರು ಪ್ರತಿ ಮಾಡಿದ್ದೆ. ಅಪ್‌ಡೇಟ್ ಬರುತ್ತಿದೆ ಎಂದು ಪರದೆ ತಿಳಿಸಿದ ಕೂಡಲೇ ಮುಂಜಾಗ್ರತೆಗಾಗಿ ಮಾಡಿದ್ದು ಕಡೆಯ ಮೂರು. ಅಲ್ಲಿಗೆ ಅದು ತುಂಬಿತ್ತು.

"ಎಲ್ಲಾ ಒಂದ ಡಬ್ಬಿಯೊಳಗ ಅದಾವ್ರೀ ಸರ್," ಎಂದಳು ಮೆಲ್ಲಗೆ. "ಇದು ಹೋದ್ರ ಹತ್ತೊಂಬತ್ತೂ ಕೂಡೇ ಹೋಗತಿದ್ವು."

ಎಸ್‌ಎಸ್‌ಡಿ ತುಂಬಿದರೆ ಯಾಕೆ ನಿಧಾನವಾಗುತ್ತದೆ ಎಂದು ಅವಳೇ ವಿವರಿಸಿದಳು. ಹೊಸದು ಬರೆಯಲು ಜಾಗವಿಲ್ಲದಾಗ ಅದು ಹಳೆಯದನ್ನು ಎತ್ತಿ ಬೇರೆ ಕಡೆ ಇಟ್ಟು, ಮೊದಲಿನ ಜಾಗವನ್ನು ಒರೆಸಿ, ಆಮೇಲೆ ಬರೆಯಬೇಕು. "ಅಕ್ಕೋರು ಹಲಗಿ ಮ್ಯಾಲ ಯಾವಾಗಲೂ ಕಾಲು ಭಾಗ ಖಾಲಿ ಬಿಡತಿದ್ರು, ನಮ್ಮನ್ನ ಕರದ ಲೆಕ್ಕ ಮಾಡಸಾಕ. ನೀವು ಮೂಲಿ ತನಕಾ ಬರೀತಿದ್ರಿ. ಇದು ನಿಮ್ಮ ಹಲಗೀರಿ ಸರ್."

ಎರಡು ನಿಮಿಷದಲ್ಲಿ ಮುಗಿಸಿದಳು. ಅದೇ ವಿಷಯಕ್ಕೆ ನನಗೆ ಒಂದು ಪೀರಿಯಡ್ ಬೇಕಾಗುತ್ತಿತ್ತು. ಇವಳನ್ನು ತಯಾರು ಮಾಡಿದ್ದು ಯಾರೆಂದು ನೆನೆದು ಎದೆ ತುಂಬಿತು.

ಮೊದಲು ಹಳೆಯ ಸಿಸ್ಟಂನ ಕಡತಗಳನ್ನು ತೆಗೆದಳು. ಪಾಠಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ನನಗೆ ಕೊಟ್ಟಳು, ಇನ್ನೊಂದಕ್ಕೆ ಹಾಕಿ ತಾನು ಇಟ್ಟುಕೊಂಡಳು. ಆಮೇಲೆ ಪ್ರತಿಗಳನ್ನು ಅಳಿಸಲು ಮೌಸನ್ನು ನನ್ನ ಕಡೆ ಸರಿಸಿದಳು. ಹದಿನೆಂಟರಿಂದ ಹಿಂದಕ್ಕೆ ಬಂದೆ. ಕಡೆಗೆ ಉಳಿದ 'ಪ್ರತಿ ಒಂದು' ಎಂಬುದರ ಪಕ್ಕದಲ್ಲಿ ದಿನಾಂಕವಿತ್ತು. ನನ್ನ ಹೆಂಡತಿ ಹೋದ ಹನ್ನೊಂದನೆಯ ದಿನ. ಹುಡುಗಿ ಅದನ್ನು ನೋಡಿದಳು, ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು. ಬರುವಷ್ಟರಲ್ಲಿ ಅಳಿಸಿದ್ದೆ.

ಖಾಲಿಯಾದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಒಂದು ಕೆಲಸ ಸಿಸ್ಟಂನಲ್ಲೇ ಇರುತ್ತದೆ. ಅದನ್ನೂ ನಡೆಸಿದಳು. ಸ್ಟಾಪ್‌ವಾಚು ಹಿಡಿದೆ. ಇಪ್ಪತ್ತನಾಲ್ಕು ಸೆಕೆಂಡು. ಮೊದಲು ಇಪ್ಪತ್ತೆರಡು ಇತ್ತು, ಇನ್ನೂ ಎರಡು ಸೆಕೆಂಡು ಎಲ್ಲಿಯೋ ಉಳಿದಿವೆ ಎಂದೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ಅವು ಲ್ಯಾಪ್‌ಟಾಪಿನ್ವಲ್ರೀ ಸರ್, ನಿಮ್ಮ ಹೆಬ್ಬಟ್ಟಿನ್ವು. ನಿಮಗೂ ವಯಸ್ಸಾತು."

೬. ಸೋಮವಾರ

ಎಂಟನೆಯ ತರಗತಿಯ ಅರವತ್ತು ಮಕ್ಕಳು ನೆಲದ ಮೇಲೆ ಒತ್ತಾಗಿ ಕುಳಿತಿದ್ದರು. ಹಿಂದೆ ಹೆಡ್ ಮಾಸ್ತರರು, ದೈಹಿಕ ಶಿಕ್ಷಕರು. ಸುಮ್ಮನೆ ಕುಳಿತು ಕೆಲಸ ಮಾಡುವ ಯಂತ್ರವನ್ನು ನೋಡಲು ಕಾಕಾ ಕೂಡ ಬಂದು ಕಿಟಕಿಯಾಚೆ ನಿಂತಿದ್ದರು. ಲ್ಯಾಪ್‌ಟಾಪನ್ನು ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿ ಭಿನ್ನರಾಶಿಯ ಪಾಠ ಹಚ್ಚಿದೆ.

ಒಂದು ವಿಷಯ ಹೇಳಬೇಕು. ಆ ಪಾಠಗಳನ್ನು ನಾನು ಹದಿನೆಂಟು ಸಲ ನಕಲು ಮಾಡಿದ್ದೆ. ಒಂದು ಸಲವೂ ಹಚ್ಚಿ ನೋಡಿರಲಿಲ್ಲ.

ಗೋಡೆಯ ಮೇಲೆ ಅವಳು ಬಂದಳು. ಎಲ್ಲಿಯೂ ನಿಲ್ಲಲಿಲ್ಲ, ತಡವರಿಸಲಿಲ್ಲ. ಹಲಗೆಯ ಕಾಲು ಭಾಗ ಖಾಲಿಯಿತ್ತು. ಐದು ನಿಮಿಷವಾದ ಮೇಲೆ ಅವಳ ಹಿಂದೆ ಕುಕ್ಕರು ಸೀಟಿ ಹೊಡೆಯತೊಡಗಿತು. ಅವಳು ಸೀಮೆಸುಣ್ಣ ಹಿಡಿದೇ ಪಕ್ಕಕ್ಕೆ ತಿರುಗಿದಳು.

"ರೀ, ಎಷ್ಟ ಸೀಟಿ ಆದ್ವು? ಎಣಸಾಕ ಹೇಳಿದ್ನಲ್ಲ?"

ಪರದೆಯ ಹೊರಗಿನಿಂದ ನನ್ನ ದನಿ ಬಂತು: "ನಾಲ್ಕೂವರಿ."

ಮಕ್ಕಳು ನನ್ನ ಕಡೆ ತಿರುಗಿ ನೋಡಿದರು. ಪರದೆಯ ಮೇಲೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಹಲಗೆಯ ಖಾಲಿ ಜಾಗದಲ್ಲಿ ನಾಲ್ಕು ಬರೆದು ಅದರ ಪಕ್ಕ ಅರ್ಧ ಬರೆದಳು. "ಮಿಶ್ರ ಭಿನ್ನರಾಶಿ ಅಂದ್ರ ಏನಂತ ಈಗ ಸರ್ ಹೇಳಿದ್ರು. ಇದನ್ನ ವಿಷಮ ಭಿನ್ನರಾಶಿ ಮಾಡ್ರಿ ನೋಡೋಣು." ಹೇಳಿ ಸುಮ್ಮನಾದಳು. ಉತ್ತರಕ್ಕೆ ಕಾಯುವುದು ಅವಳ ಪದ್ಧತಿ. ಅಡುಗೆಮನೆಯಲ್ಲಿ, ಎದುರಿಗೆ ಒಂದು ಮಗುವೂ ಇಲ್ಲದಾಗಲೂ ಕಾದಿದ್ದಳು.

"ಒಂಬತ್ತು ಬೈ ಎರಡು," ಎಂದವು ಅರವತ್ತು ದನಿಗಳು.

"ಶಾಬಾಸ್," ಎಂದಳು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ ನನ್ನ ಕಡೆ ತಿರುಗಿದಳು. "ಸರ್, ಅರ್ಧಾ ಸೀಟಿ ಅಂದ್ರ ಹೆಂಗ್ರೀ?"

ಪ್ರಶ್ನೆ ಸರಿಯಾದದ್ದೇ. ಆವಿ, ಒತ್ತಡ, ಕುಕ್ಕರಿನ ಮೇಲಿನ ತೂಕ, ಎಲ್ಲ ಹೇಳಬೇಕಾಗುತ್ತದೆ. ನಾನು ಸೀಮೆಸುಣ್ಣ ತೆಗೆದುಕೊಂಡು ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಪರದೆ ಮಾತಾಡಿತು.

"ಅರ್ಧಾ ಸೀಟಿ ಹೆಂಗ ಅಂತ ಮಾತ್ರ ಸರ್‌ಗೆ ಯಾರೂ ಕೇಳಬ್ಯಾಡ್ರಿ. ನಲವತ್ತ ನಿಮಿಷ ಹೇಳತಾರ."

ಕಿಟಕಿಯಾಚೆಯಿಂದ ಕಾಕಾ ಗೋಡೆಯ ಕಡೆಗೆ ಕೈ ಮುಗಿದರು. "ಖರೆ ಐತ್ರೀ ಅಕ್ಕೋರ," ಎಂದರು.