ಗೋಡೆಯಾಚೆಯ ಚಾನಲ್

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೇ ನನ್ನ ಲೆಕ್ಕ. ಹೆಣ್ಣು ನೋಡಲು ಬಂದ ದಿನ ನಮ್ಮವರು ಉಪ್ಪಿಟ್ಟು ಚೆನ್ನಾಗಿದೆ ಎಂದಾಗ, ಇವರ ನಾಲಗೆಯಲ್ಲೇ ಏನೋ ಐಬಿದೆ ಎಂದುಕೊಂಡವಳು ನಾನು. ಹೀಗಿರುವಾಗ ಲ್ಯಾಪ್‌ಟಾಪಿನ ವೈಫೈ ದಿನಾ ಸಂಜೆ ಕೈಕೊಟ್ಟರೆ ಯಂತ್ರವನ್ನು ಬೈದು ಸುಮ್ಮನಿರಲಾದೀತೇ?

ಗೋಣಿಕೊಪ್ಪಲಿನ ನಮ್ಮ ಮನೆಯಿಂದ ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಟ್ಯೂಷನ್ ಹೇಳುತ್ತೇನೆ. ಲೆಕ್ಕ ಬಿಡಿಸುತ್ತಾ ಬಿಡಿಸುತ್ತಾ ಉತ್ತರದ ಹತ್ತಿರ ಬರುವುದಕ್ಕೂ ನೆಟ್ ಹೋಗುವುದಕ್ಕೂ ಸರಿಹೋಗುತ್ತಿತ್ತು. ಬಾಯಿ ತೆರೆದುಕೊಂಡು ಪರದೆಯ ಮೇಲೆ ಕಲ್ಲಾಗಿಬಿಡುತ್ತಿದ್ದೆ. ಕೊನೆಗೊಬ್ಬಳು ತಾಯಿ ಫೋನ್ ಮಾಡಿ, "ಬೇಜಾರು ಮಾಡ್ಬೇಡಿ ಟೀಚರೇ, ಉತ್ತರ ಬರದಿದ್ರೆ ನೀವೇ ಆಫ್ ಮಾಡ್ತೀರಿ ಅಂತ ಮಕ್ಕಳು ಹೇಳ್ತಾರೆ" ಎಂದಳು. ಅಯ್ಯೋ ದೇವರೇ! ಇಷ್ಟು ವರ್ಷ ಪಾಠ ಹೇಳಿದವಳಿಗೆ ಇಂಥ ಮಾತು! ಮಕ್ಕಳು ಒಬ್ಬೊಬ್ಬರಾಗಿ ಜಾರತೊಡಗಿದರು.

ನನ್ನ ಅನುಮಾನ ನೇರವಾಗಿ ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆಗೆ ಹೋಯಿತು. ಅಲ್ಲಿ ಕರಿಮೆಣಸಿನ ವ್ಯಾಪಾರಿ ಚಂಗಪ್ಪಣ್ಣ ಸಂಜೆಯಾದರೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ನನ್ನ ವೈಫೈ ಕದಿಯುವುದು ಅವರಲ್ಲದೆ ಇನ್ಯಾರು? ಪಾಸ್‌ವರ್ಡ್ ಬದಲಿಸಿದೆ. ಪುನಃ ಬದಲಿಸಿದೆ. ಕೊನೆಗೆ ಅದು ನನಗೇ ಮರೆತುಹೋಗಿ ನೆಟ್ ಹಾಕಿಕೊಟ್ಟ ಹುಡುಗನನ್ನು ಕರೆಸಬೇಕಾಯಿತು.

ಅವನು ಮೊಬೈಲಿನಲ್ಲಿ ಏನೋ ನೋಡಿ, "ಯಾರೂ ಕದೀತಾ ಇಲ್ಲ ಮೇಡಂ. ನಿಮ್ಮ ರೂಟರೂ ಅವರ ರೂಟರೂ ಒಂದೇ ಚಾನಲ್‌ನಲ್ಲಿ ಉಂಟು. ಇಬ್ಬರು ಒಟ್ಟಿಗೇ ಮಾತಾಡಿದ ಹಾಗೆ. ಒಬ್ಬರು ಒಂದನೇ ಚಾನಲ್ಲಿಗೆ ಹಾಕಿ, ಇನ್ನೊಬ್ಬರು ಹನ್ನೊಂದಕ್ಕೆ ಹಾಕಿ" ಎಂದು, ಯಾರ ರೂಟರು ಯಾವ ಚಾನಲ್ಲಿನಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವುದನ್ನೂ, ಅದನ್ನು ಬದಲಿಸುವುದನ್ನೂ ತೋರಿಸಿಕೊಟ್ಟ.

ಚಂಗಪ್ಪಣ್ಣನ ಮನೆಗೆ ಹೋದೆ. ಅವರ ಮುಖವೂ ಗಂಟಿಕ್ಕಿತ್ತು. "ಎಂಥ ಟೀಚರೇ, ನನ್ನ ನೆಟ್ ನೀವು ಎಳೀತೀರಿ ಅಂತ ನಾನಿದ್ದೆ ಮಾರಾಯ್ರೇ!" ಎಂದರು. ಕಾಫಿ ಬಂತು. ಹುಡುಗ ತೋರಿಸಿದ್ದನ್ನೆಲ್ಲ ಅವರಿಗೂ ತೋರಿಸಿದೆ. ಕುಡಿಯುತ್ತಾ ಮಾತಾಯಿತು: ನನಗೆ ಒಂದು, ಅವರಿಗೆ ಹನ್ನೊಂದು. "ಆಯ್ತು ಬಿಡಿ, ಹನ್ನೊಂದು ನನಗಿರಲಿ" ಎಂದು ಒಂದೇ ಮಾತಿಗೆ ಒಪ್ಪಿದರು.

ಅಷ್ಟು ಬೇಗ ಒಪ್ಪಿದರಲ್ಲ, ಯಾಕೆ? ವ್ಯಾಪಾರಿ ಸುಮ್ಮನೆ ಒಪ್ಪುತ್ತಾನೆಯೇ? ಹನ್ನೊಂದರಲ್ಲೇ ಏನೋ ಹೆಚ್ಚಿನ ಬಲ ಇರಬೇಕು. ಮನೆಗೆ ಬಂದವಳೇ ನನ್ನ ರೂಟರನ್ನು ಸದ್ದಿಲ್ಲದೆ ಹನ್ನೊಂದಕ್ಕೆ ಹಾಕಿದೆ.

ಅಂದಿನ ಪಾಠ ಒಂದು ಕ್ಷಣವೂ ನಿಲ್ಲಲಿಲ್ಲ. ಉತ್ತರವನ್ನು ಬೇಕೆಂದೇ ಎರಡು ಸಲ ಹೇಳಿದೆ. ನನ್ನ ಅನುಮಾನ ಯಾವತ್ತಾದರೂ ಸುಳ್ಳಾದದ್ದುಂಟೇ ಎಂದು ಬೀಗುತ್ತಾ, ಪಕ್ಕದವರ ಪಾಡೇನಾಯಿತೋ ಎಂದು ಹುಡುಗ ತೋರಿಸಿದಂತೆಯೇ ಮೊಬೈಲಿನಲ್ಲಿ ನೋಡಿದೆ. ಚಂಗಪ್ಪಣ್ಣನ ರೂಟರು ಒಂದರಲ್ಲಿತ್ತು!

ಮೈಯೆಲ್ಲ ಉರಿದುಹೋಯಿತು. ಕಾಫಿ ಕುಡಿಸಿ ಆಡಿದ ಮಾತು ಸಂಜೆಯವರೆಗೂ ನಿಲ್ಲಲಿಲ್ಲವಲ್ಲ! ಇಂಥವರ ಪಕ್ಕದಲ್ಲಿ ಬಾಳುವುದು ಹೇಗೆ? ಕೇಳಿಯೇ ಬಿಡೋಣವೆಂದು ಚಪ್ಪಲಿ ಮೆಟ್ಟಿ ಹೊರಟೆ. ಚಂಗಪ್ಪಣ್ಣ ತಮ್ಮ ಗೇಟಿನಲ್ಲೇ ನಿಂತಿದ್ದರು, ಕೈಯಲ್ಲಿ ಮೊಬೈಲು, ಕಾಲಿನಲ್ಲಿ ಚಪ್ಪಲಿ.

"ನೆಟ್ ಹೇಗುಂಟು ಟೀಚರೇ?" ಎಂದರು.

"ಬಹಳ ಚೆನ್ನಾಗಿದೆ ಚಂಗಪ್ಪಣ್ಣ, ನಿಮ್ಮದು?"

"ಫಸ್ಟ್ ಕ್ಲಾಸ್" ಎಂದರು. ಇಬ್ಬರೂ ಬೇಗ ಬೇಗ ಒಳಗೆ ಹೋದೆವು.